ಹಿಮ್ಮಡಿ ಕೊರೆದ ಸುತ್ತು

ಅದೇ ಕಿತ್ತಳೆ ಸೀರೆ, ಹೌದು, ಅದೇ — ಕಮಲಾಪುರದ ಶಾಲೆಯ ಗೇಟಿನಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಿಂತ ಭಾಗೀರಥಿಬಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ಆ ಬಣ್ಣ, ಆಮೇಲೆ ಅದನ್ನುಟ್ಟ, ಇಲ್ಲಿ ಪಾಠ ಹೇಳುವ ಗೆಳತಿ ಚಂದ್ರಾ, ಆಮೇಲೆ ಚಂದ್ರಾಳ ಎರಡೂ ಕೈ ಹಿಡಿದ ಹೊಸ ಟೀಚರು ಕುಲ್ಸುಮ್ — ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿಳಿದು ತಾನೇ ಆರಿಸಿದ ಸೀರೆ, ಇದಕ್ಕೇನು, ಇವಳ ಜೊತೆ ಫುಗಡಿ ಆಡಲಿಕ್ಕೇನು, ಅದೂ ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ಪಾಠವಂತೆ, ಚಂದ್ರಾ ಅನ್ನುತ್ತಾಳೆ, ನೋಡ್ರಿ ಮಕ್ಕಳ, ನಾ ಕಿತ್ತಳೆ ಕುಬ್ಜ, ಅಂದ್ರ ಸೂರ್ಯಗಿಂತ ಸಣ್ಣ ನಕ್ಷತ್ರ, ಕುಲ್ಸುಮ್ ಟೀಚರ್ ಕಂದು ಕುಬ್ಜ, ನಕ್ಷತ್ರ ಆಗಬೇಕಿತ್ತು, ಒಲಿ ಹೊತ್ತಲಿಲ್ಲ, ದೂರದಿಂದ ಕಾಣೂದಿಲ್ಲ, ಆದ್ರ ಭಾಳ ಹತ್ರ ಸುತ್ತತದ, ಅದು ಎಳದಂಗ ನಾನೂ ಜೋಲಿ ಹೊಡೀತೀನಿ, ಆ ಜೋಲಿ ನೋಡೇ ಯಾರೋ ಜೋಡಿ ಅದಾರ ಅಂತ ತಿಳೀತದ — ತಿಳಿಯದೇನು, ಭಾಗೀರಥಿಗೆ ಈ ವರ್ಷ ಶಾಲೆ ಶುರುವಾದಾಗಿನಿಂದ ತಿಳಿದಿದೆ, ಮೊದಲೆಲ್ಲ ಚಂದ್ರಾ ಶನಿವಾರ ಊರಿಗೆ ಬಂದು ಜಗತ್ ಸರ್ಕಲ್ಲಿನಲ್ಲಿ ಬಸ್ಸಿಳಿದು ಸೀದಾ ತನ್ನ ಮನೆಗೇ ಬರುತ್ತಿದ್ದಳು, ಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು, ನನಗೊಂದು ನಿನಗೊಂದು, ಈಗ ಹಣ್ಣಿಲ್ಲ, ಬಂದರೂ ಬಾಯ್ತುಂಬ ಕುಲ್ಸುಮ್, ಕುಲ್ಸುಮ್ ಹಿಂಗಂದ್ಲು, ಕುಲ್ಸುಮ್ ದುರ್ಬೀನು ತಂದಾಳ, ಹೊಸ ನೀರು ಬಂದು ಹಳೇ ನೀರು ಕೊಚ್ಚಿಕೊಂಡು ಹೋಯಿತು, ಹೊಟ್ಟೆ ಉರಿಯುತ್ತದೆ, ಉರಿಯಲಿ, ಇಲ್ಲವೆಂದು ಯಾರ ಮುಂದೆ ಸುಳ್ಳು ಹೇಳಬೇಕು — ಮೆಲ್ಲಗ ಅಕ್ಕಾ, ಬಳಿ ಒಡೀತಾವ ಅನ್ನುತ್ತಾಳೆ ಆ ಹುಡುಗಿ ಕುಲ್ಸುಮ್, ಚಂದ್ರಾ ನಗುತ್ತಾಳೆ, ಕಂದು ದುಪಟ್ಟಾ ಅಗಲವಾಗಿ ಸುತ್ತುತ್ತದೆ, ಚಂದ್ರಾಳ ಬರಿಗಾಲಿನ ಹಿಮ್ಮಡಿ ಮಾತ್ರ ಇದ್ದಲ್ಲೇ ಮಣ್ಣು ಕೊರೆಯುತ್ತದೆ, ಸಣ್ಣ ಸುತ್ತು — ಫುಗಡಿ ತಮ್ಮಿಬ್ಬರದಲ್ಲವೇ, ಚಿಕ್ಕಂದಿನಲ್ಲಿ ಕೋಟೆ ಹತ್ತಿರದ ಮನೆಯಂಗಳ, ಪಂಚಮಿ, ಹೊಸ ಪರಕಾರ-ಲಂಗ, ಕೈ ಅಡ್ಡ ಹಾಕಿ ಹಿಡಿದು ಹಿಂದಕ್ಕೆ ಬಾಗಿ ಗರಗರ ತಿರುಗುವುದು, ಕೈ ಬಿಡಬ್ಯಾಡ ಭಾಗೀ, ಬಿಟ್ರ ಇಬ್ರೂ ಬೀಳ್ತೀವಿ, ತಾನು ಬಿಡಲಿಲ್ಲ, ಮದುವೆಯಾದರೂ ಬಿಡಲಿಲ್ಲ, ಆಟ ಮುಗಿದ ಮೇಲೆ ಅವ್ವ ಬೈಯುತ್ತಿದ್ದಳು, ಸಾರಿಸಿದ ಅಂಗಳ ಕೆಡಿಸೀರಿ ನೋಡ್ರಿ, ನಡುವೆ ಒಂದು ಹಿಮ್ಮಡಿಯ ಗುರುತು — ಯಾರದು, ಚಂದ್ರಾಳದು, ಅದರ ಸುತ್ತ ದೊಡ್ಡ ಬಳೆಯಂಥ ಹೆಜ್ಜೆಸಾಲು — ತನ್ನದು, ಅಯ್ಯೋ, ಆಗಲೂ ತನ್ನದೇ, ಸರಿಸಮ ಅಂದುಕೊಂಡಿದ್ದಳಲ್ಲ ಇಷ್ಟು ವರ್ಷ, ಸುತ್ತಿದ್ದು ತಾನು, ಅವಳು ಬರೇ ಜೋಲಿ ಹೊಡೆದಳು — ಭಾಗೀ! ಯಾವಾಗ ಬಂದಿ, ಬಾ, ನಾವಿಬ್ರೂ ಆಡಿ ತೋರ್ಸೋಣ ಬಾ, ಚಂದ್ರಾ ಕೈ ಚಾಚಿದ್ದಾಳೆ, ಅಂಗೈ ಕೆಂಪಾಗಿದೆ, ಕೊಡ್ರಿ ಅಕ್ಕಾ ಡಬ್ಬಿ ನಾ ಹಿಡೀತೀನಿ, ಕುಲ್ಸುಮ್ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ, ಯಾವ ಜಾಗ, ಹೊರಗಿನ ಸುತ್ತು, ಅವಳ ಹೆಜ್ಜೆ ಇನ್ನೂ ಹಸಿಯಾಗಿರುವ ಸುತ್ತು, ಬೇಡ, ಕಾಲು ನೋಯ್ತದ, ನೀವ ಆಡ್ರಿ — ಅಂದಳು, ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಚಾಚಿದ ಕೈ ಹಾಗೇ ಇದೆ, ಭಾಗೀರಥಿ ಕೈ ನೋಡುತ್ತಿಲ್ಲ, ಮಣ್ಣು ನೋಡುತ್ತಿದ್ದಾಳೆ, ಮಣ್ಣಿನಲ್ಲಿ ಆ ಹಿಮ್ಮಡಿ, ಆ ಸಣ್ಣ ಸುತ್ತು, ಹಿಮ್ಮಡಿ