ಹಿಂದಿನ ಕೋಣೆಗೆ ನೆಟ್

ಬೀದಿಯವರೆಲ್ಲ ಅವರನ್ನು ರೇಡಿಯೋ ಡಾಕ್ಟರು ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಟ್ಟ ರೇಡಿಯೋ, ಫ್ಯಾನು, ಮಿಕ್ಸಿ ಯಾವುದೇ ಬರಲಿ, ಬಿಚ್ಚಿ ಸರಿಮಾಡದೆ ಬಿಟ್ಟವರಲ್ಲ. ಮನೆಯೊಳಗಿನ ರಿಪೇರಿಗೆ ಹೊರಗಿನವರು ಬಂದರೆ ಡಾಕ್ಟರಿಗೆ ಬೀದಿಯಲ್ಲಿ ಮುಖ ತೋರಿಸಲಾಗದಷ್ಟು ಅವಮಾನ.

ಅವರ ಹೆಂಡತಿ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಶಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದಳು. ನೆಟ್ಟಿನ ರೂಟರ್ ಇದ್ದದ್ದು ಅಂಗಡಿಯಲ್ಲಿ. ಹಳೆಯ ಕಂಪ್ಯೂಟರು, ವೈಫೈ ಹಿಡಿಯುವ ಸೌಲಭ್ಯ ಅದರೊಳಗೆ ಇರಲಿಲ್ಲ.

ಅವಳಿಗೆ ನೆಟ್ ಬೇಕಾಗಿದ್ದದ್ದು ಚಿಕ್ಕಮ್ಮನಿಗಾಗಿ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಚಿಕ್ಕಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳದು, ಮಾತು ಬಾರದು, ಓದುಬರಹವೂ ಇಲ್ಲ. ಇಬ್ಬರೂ ಸೇರಿ ಕಟ್ಟಿಕೊಂಡದ್ದು ಕೈಸನ್ನೆಯ ಮಾತು. ಕೆನ್ನೆಗೆ ಬೆರಳು ತಿರುವಿದರೆ ಎದುರುಮನೆಯ ಜಗಳಗಂಟಿ, ಎರಡು ಅಂಗೈ ಸೇರಿಸಿ ಅರಳಿಸಿದರೆ ನಿನ್ನ ತಾಯಿ. ಚಿಕ್ಕಮ್ಮನ ಮಗನಿಗೂ ಅದು ಅರ್ಧಂಬರ್ಧ. ಪೂರ್ತಿ ಬಲ್ಲವರು ಲೋಕದಲ್ಲಿ ಇಬ್ಬರೇ. ಈಗ ಚಿಕ್ಕಮ್ಮ ದೂರದೂರಿನಲ್ಲಿ ಮಗನ ಮನೆಯಲ್ಲಿದ್ದಳು. ಕಣ್ಣು ಮಂಜಾಗಿತ್ತು. ಇವಳ ಫೋನಿನ ಕ್ಯಾಮೆರಾ ಮಸುಕು. ವಿಡಿಯೋ ಕರೆಯಲ್ಲಿ ಕೈಯಾಡಿಸಿದ್ದು ಆ ಕಡೆ ಏನೂ ತಿಳಿಯುತ್ತಿರಲಿಲ್ಲ. ಕಂಪ್ಯೂಟರಿಗಾದರೆ ಒಳ್ಳೆಯ ಕ್ಯಾಮೆರಾ ಇತ್ತು.

"ರೀ, ನೆಟ್ಟಿನವರನ್ನೇ ಕರೆಸೋಣ, ಒಂದ್ಸಲ ನೋಡಿ ಹೋಗ್ಲಿ."

"ನಾನೇನು ಸತ್ತಿದ್ದೀನಾ? ನಾನೇ ಮಾಡ್ತೀನಿ ಬಿಡು."

ಮಾಡಲು ಹೊರಟದ್ದೂ ನಿಜ. ಅವಳು ಪೇಟೆಗೆ ಹೋಗಿದ್ದಾಗ, ವೈಫೈ ಹಿಡಿಯುವ ಬೆರಳುದ್ದದ ಡಾಂಗಲ್ ತಂದು ಕಂಪ್ಯೂಟರಿನ ಹಿಂಬದಿಗೆ ಚುಚ್ಚಿದರು. ದೀಪ ಹತ್ತಿತು, ಅಷ್ಟೇ. ಪರದೆಯ ಮೇಲೆ ಬಂದ ಸೂಚನೆಯ ತಲೆಬುಡ ತಿಳಿಯಲಿಲ್ಲ. ಕಿತ್ತು ಚುಚ್ಚಿ, ಕಿತ್ತು ಚುಚ್ಚಿ ಬೆವೆತುಹೋದರು. ಊರಿನ ರೇಡಿಯೋಗಳನ್ನೆಲ್ಲ ಮಾತಾಡಿಸಿದ ಕೈ ಸೋತಿತೆಂದು ಯಾರ ಹತ್ತಿರ ಹೇಳುವುದು? ಡಾಂಗಲನ್ನು ಅಂಗಡಿಯ ಖಾನೆಗೆ ತುರುಕಿ, ಸಂಜೆ ಅವಳು ಕೇಳಿದಾಗ, "ಕಂಪ್ಯೂಟರೇ ಹಳೇದು ಕಣೇ, ಅದಕ್ಕೆ ಆಗಲ್ಲ," ಎಂದುಬಿಟ್ಟರು.

ಗಂಡ ಆಗಲ್ಲ ಅಂದಮೇಲೆ ಆಗಲ್ಲ, ಅವಳು ನಂಬಿದಳು. ಮತ್ತೆ ಕೇಳಲಿಲ್ಲ. ಕೇಳಿ ಪೀಡಿಸಿದ್ದರಾದರೂ ಚೆನ್ನಾಗಿತ್ತು ಎಂದು ಡಾಕ್ಟರಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಮರುವರ್ಷ ಒಂದು ಬೆಳಿಗ್ಗೆ ಚಿಕ್ಕಮ್ಮನ ಮಗ ಫೋನು ಮಾಡಿದ. ಚಿಕ್ಕಮ್ಮನಿಗೆ ಲಕ್ವ ಹೊಡೆದು ಆಸ್ಪತ್ರೆಗೆ ಸೇರಿಸಿ, ಈಗ ಮನೆಗೆ ತಂದಿದ್ದರಂತೆ. ಜೀವಕ್ಕೆ ಭಯವಿಲ್ಲ. "ನಿನ್ನನ್ನ ನೋಡಬೇಕು ಅಂತಾಳೆ ಅನ್ಸುತ್ತೆ ಅಕ್ಕ. ನನಗೆ ಸರಿಯಾಗಿ ಗೊತ್ತಾಗ್ತಿಲ್ಲ."

ಅವಳು ಸ್ನಾನಕ್ಕೆ ಒಲೆಯ ಮೇಲೆ ನೀರಿಟ್ಟು ಪ್ರಯಾಣಕ್ಕೆ ಬಟ್ಟೆ ಜೋಡಿಸುತ್ತಿದ್ದಂತೆ ಡಾಕ್ಟರು ಅಂಗಡಿಯ ಖಾನೆ ಎಳೆದರು. ಹೊರಡುವ ಮೊದಲೇ ಅವಳಿಗೆ ಚಿಕ್ಕಮ್ಮನ ಮುಖ ತೋರಿಸಬೇಕೆಂಬ ಆತುರ. ಬೇರೆ ಊರಿನಲ್ಲಿ ನರ್ಸಾಗಿದ್ದ ಮಗಳಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಮೊದಲ ಸಲ ಬಾಯಿಬಿಟ್ಟು ಕೇಳಿದರು: "ಹೋದ ವರ್ಷ ತಂದ ವೈಫೈ ಡಾಂಗಲ್ಲು, ಕಂಪ್ಯೂಟರಿಗೆ ಹಾಕೋದು ನನಗೆ ಬರ್ತಿಲ್ಲಮ್ಮ. ಹೇಗೆ ಹೇಳು."

"ಅದಕ್ಕೆ ಡ್ರೈವರ್ ಅಂತ ಒಂದು ಸಾಫ್ಟ್‌ವೇರ್ ಹಾಕ್ಬೇಕು ಅಪ್ಪಾ, ಇಲ್ದಿದ್ರೆ ಕಂಪ್ಯೂಟರಿಗೆ ಅದರ ಗುರುತೇ ಸಿಗಲ್ಲ. ಒಂದ್ಸಲ ಆ ಕಂಪ್ಯೂಟರ್ ಡಬ್ಬಾನ ರೂಟರ್ ಹತ್ರ ತಗೊಂಡು ಹೋಗಿ ವೈರ್ ಚುಚ್ಚು. ತಾನೇ ಇಳಿಸ್ಕೊಳ್ಳುತ್ತೆ."

ಕಂಪ್ಯೂಟರನ್ನೂ ಪರದೆಯನ್ನೂ ಅಂಗಡಿಗೆ ಹೊತ್ತು ತಂದರು. ವೈರು ಚುಚ್ಚಿ, ಮಗಳು ಹೇಳಿದಲ್ಲೆಲ್ಲ ಒತ್ತಿದರು. ಮತ್ತೆ ಹಿಂದಿನ ಕೋಣೆಗೆ ಹೊತ್ತೊಯ್ದರು. "ಈಗ ಹಿಂದುಗಡೆ ಬೇಡ, ಮುಂದುಗಡೆ ಚುಚ್ಚು. ಗೋಡೆ ಕಡೆ ಇದ್ರೆ ಸಿಗ್ನಲ್ ಸಿಗಲ್ಲ." ತಮ್ಮ ಮನೆಯ ನೆಟ್ಟಿನ ಹೆಸರು ಪರದೆಯ ಮೇಲೆ ಮೂಡಿತು. ಪಾಸ್‌ವರ್ಡ್ ಕೊಟ್ಟದ್ದೇ ತಡ, ಕೂಡಿಕೊಂಡಿತು.

"ಬಂತಾ? ಅಲ್ಲಪ್ಪಾ, ಈ ಡಾಂಗಲ್ ಹೋದ ವರ್ಷಾನೇ ತಗೊಂಡೆ ಅಂದ್ಯಲ್ಲ, ಆಗ್ಲೇ ಕೇಳೋದಲ್ವಾ?"

ಡಾಕ್ಟರು ತಿರುಗಿದರು. ಹೆಂಡತಿ ಕೈಯಲ್ಲಿ ಮಡಿಸಿದ ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ಅವಳಿಟ್ಟ ನೀರು ಇನ್ನೂ ಕಾದಿರಲಿಲ್ಲ.

"ಇಷ್ಟೇನಾ?" ಎಂದಳು.

ಬಯ್ಯಲಿಲ್ಲ. ಸೀರೆಯನ್ನು ಮಂಚದ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

ಚಿಕ್ಕಮ್ಮನ ಮಗನಿಗೆ ವಿಡಿಯೋ ಕರೆ ಹಚ್ಚಿದೊಡನೆ ಪರದೆ ತುಂಬ ಚಿಕ್ಕಮ್ಮನ ಮುಖ ಬಂತು; ಅರ್ಧ ಜಾರಿಹೋಗಿತ್ತು. ಇವಳ ಕೈಗಳು ಹಕ್ಕಿಯಂತೆ ಹಾರಿದವು. ಅವಳು ಹೀಗೆ ಮಾತಾಡುವುದನ್ನು ಡಾಕ್ಟರು ಮರೆತೇಬಿಟ್ಟಿದ್ದರು. ಚಿಕ್ಕಮ್ಮನ ಕಣ್ಣು ಆ ಕೈಗಳನ್ನೇ ಹಿಂಬಾಲಿಸಿತು, ಎಲ್ಲವನ್ನೂ ತಿಳಿದುಕೊಂಡಿತು. ಉತ್ತರಕ್ಕೆ ಎಡಗೈ ಎದ್ದಿತು. ಬಲಗೈ ಮಡಿಲಲ್ಲೇ ಬಿದ್ದಿತ್ತು. ಎಡಗೈಯಿಂದ ಅದನ್ನು ಹಿಡಿದೆತ್ತಿ ಏನನ್ನೋ ಜೋಡಿಸಹೋದಳು, ಬಲಗೈ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಇವಳು ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು. ಕೊನೆಗೆ ನಕ್ಕು, ಜೋರಾಗಿ ತಲೆಯಾಡಿಸಿದಳು. ಚಿಕ್ಕಮ್ಮ ಸಮಾಧಾನದಿಂದ ಹಿಂದಕ್ಕೊರಗಿದಳು.

ಕರೆ ಮುಗಿಯಿತು. ಡಾಕ್ಟರು ಮೆಲ್ಲಗೆ ಕೇಳಿದರು, "ಏನಂದ್ರು?"

"ಗೊತ್ತಾಗಲಿಲ್ಲ. ಗೊತ್ತಾಯ್ತು ಅಂದ್ಬಿಟ್ಟೆ."

ತಪ್ಪಾಯ್ತು ಎನ್ನಬೇಕೆಂದು ಅವರು ಹೊರಟರು. ಬಾಯಿಂದ ಹೊರಟದ್ದು ಬೇರೆಯೇ.

"ಚಿತ್ರ ಚೆನ್ನಾಗಿ ಕಾಣ್ತಿತ್ತಲ್ಲ?"

"ಹೂಂ," ಎಂದಳು ಅವಳು, ಸೀರೆಯನ್ನು ಚೀಲಕ್ಕೆ ಹಾಕುತ್ತ. "ತುಂಬಾ ಚೆನ್ನಾಗಿ ಕಾಣ್ತಿತ್ತು."