ಸಭಾಧ್ಯಕ್ಷೆ ಎದ್ದು ನಿಂತಳು

ಸವದತ್ತಿಯ ಕಾಲೇಜಿನಲ್ಲಿ ಯುವ ಸಂಸತ್ತು ನಡೆದಿತ್ತು. ಹುಡುಗಾಟ ಅಂದುಕೊಳ್ಳಬೇಡಿ, ಇಲ್ಲಿ ಪಾಸಾದ ಠರಾವನ್ನು ಜಾರಿಗೆ ತರುತ್ತೇನೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಠರಾವು ಒಂದೇ: ಗಣಿತದ ಸ್ಪೆಷಲ್ ಕ್ಲಾಸು ಸಂಜೆ ಬೇಡ, ಬೆಳಿಗ್ಗೆ ನಡೆಯಲಿ. ಸಂಜೆಯ ಕ್ಲಾಸು ಶುರುವಾಗುವ ಹೊತ್ತಿಗೆ ಸಿರಸಂಗಿಯ ಕೊನೆಯ ಬಸ್ಸು ಹೊರಟುಬಿಡುತ್ತಿತ್ತು. ಠರಾವು ಬಿದ್ದರೆ ಆ ಊರಿನ ಸಪ್ನಾ ಗಣಿತದ ಆಸೆಯನ್ನೇ ಬಿಡಬೇಕು.

ಆದರೆ ಸಪ್ನಾ ಸಭಾಧ್ಯಕ್ಷೆ. ಆ ಕುರ್ಚಿಯಲ್ಲಿ ಕುಳಿತವರು ಯಾರ ಪರವೂ ಮಾತಾಡುವಂತಿಲ್ಲ. ಠರಾವಿನ ಪರ ಮಾತಾಡಲು ಗೆಳತಿ ಶಿವಾನಿಗೆ ಸಿಕ್ಕ ಮೂರು ನಿಮಿಷವೇ ಅವಳಿಗೆ ಗತಿ.

ಶಿವಾನಿ ಚೆನ್ನಾಗಿಯೇ ಮಾತಾಡುತ್ತಿದ್ದಳು. ಎರಡು ನಿಮಿಷವಾಗಿತ್ತು, ಬಾಗಿಲಲ್ಲಿ ನಿಜಗುಣಪ್ಪ ಸಾವ್ಕಾರರು ಕಾಣಿಸಿಕೊಂಡರು. ತಮ್ಮ ದುಡ್ಡಿನಲ್ಲಿ ಸಂಜೆ ಕ್ಲಾಸು ಶುರು ಮಾಡಿಸಿದ್ದೇ ಅವರು. ಅವರ ಬೆನ್ನಿಗೇ ಅವರ ಜೀಪು ಹೊಡೆಯುವ ಬಾಳು, ಸಪ್ನಾಳ ಅಪ್ಪ. ಹುಟ್ಟಿದಾಗಿನಿಂದ ಬಂದ ರೂಢಿ, ಸಾವ್ಕಾರರನ್ನು ಕಂಡದ್ದೇ ಸಪ್ನಾ ದಡಕ್ಕನೆ ಎದ್ದು ನಿಂತಳು.

ಸಭಾಧ್ಯಕ್ಷರು ಎದ್ದರೆ ಮಾತಾಡುತ್ತಿರುವವರು ಬಾಯಿ ಮುಚ್ಚಿ ಕೂಡಬೇಕು. ಅದು ಸಂಸತ್ತಿನ ನಿಯಮ. ಶಿವಾನಿ ಕುಳಿತಳು. ಸಾವ್ಕಾರರು ನಿಧಾನವಾಗಿ ಪ್ರೇಕ್ಷಕರ ಮುಂದಿನ ಸಾಲು ಸೇರುವಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು.  ಸಪ್ನಾ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

ಎದುರು ಪಕ್ಷದ ಶ್ರೀಶೈಲ ಎದ್ದ. ಅವನು ನಾಲ್ಕು ಮಾತಾಡುವುದರೊಳಗೆ ಸಾವ್ಕಾರರೇ ಎದ್ದು ಗುಡುಗಿದರು: “ಬಸ್ಸಿನ ಚಿಂತಿ ಇದ್ದವ್ರು ಮನ್ಯಾಗ ಕುಂದರ್ಲಿ! ಕೈ ಎತ್ತೋ ಮುಂದ ನನ್ನ ಮಾರಿ ನೋಡಿ ಎತ್ರಿ!”

ಹುಡುಗರು ತಲೆ ತಗ್ಗಿಸಿದರು.

ಸಪ್ನಾ ಮತ್ತೆ ಎದ್ದಳು. ಶ್ರೀಶೈಲ ಕುಳಿತ. ಬಾಗಿಲ ಬಳಿಯಿಂದ ಅಪ್ಪ ಬೇಡ ಬೇಡವೆಂದು ಕೈಸನ್ನೆ ಮಾಡುತ್ತಿದ್ದ.

“ಸಾವ್ಕಾರ್ರ, ಪ್ರೇಕ್ಷಕರು ಸಭಾದಾಗ ಮಾತಾಡುವಂಗಿಲ್ರಿ. ಕುಂದರ್ರಿ,” ಅಂದಳು. “ಮದ್ಲ ನಾ ಎದ್ದಿದ್ದು ನನ್ನ ತಪ್ಪು. ಶಿವಾನಿ ಅವ್ರದು ಇನ್ನೂ ಒಂದು ನಿಮಿಷ ಬಾಕಿ ಐತಿ.”

ಸಾವ್ಕಾರರು ಅವಳನ್ನು ನುಂಗುವಂತೆ ನೋಡಿದರು. ಆಮೇಲೆ ಕುಳಿತರು.

ಆ ಒಂದು ನಿಮಿಷದಲ್ಲಿ ಶಿವಾನಿ ಬಸ್ಸಿಗಾಗಿ ಕ್ಲಾಸು ಬಿಟ್ಟ ಏಳು ಹುಡುಗಿಯರ ಹೆಸರು ಓದಿದಳು, ಅಷ್ಟೇ. ಠರಾವು ಎರಡು ಮತಗಳಿಂದ ಗೆದ್ದಿತು.

ಸಭಾಧ್ಯಕ್ಷರು ಹೊರಡುವಾಗ ಎಲ್ಲರೂ ಎದ್ದು ನಿಲ್ಲಬೇಕು. ಎಲ್ಲರೂ ಎದ್ದರು, ಸಾವ್ಕಾರರೊಬ್ಬರನ್ನು ಬಿಟ್ಟು. ಸಪ್ನಾ ಅದನ್ನು ಗಮನಿಸಲೂ ಇಲ್ಲ. ಅವಳ ಕಣ್ಣು ಬಾಗಿಲ ಕಡೆಗಿತ್ತು. ಅಪ್ಪನಿಗೆ ಏಳುವ ಕೆಲಸವೇ ಇರಲಿಲ್ಲ. ಸಾವ್ಕಾರರೆದುರು ಅವನು ಅಷ್ಟೂ ಹೊತ್ತು ಕುಳಿತೇ ಇರಲಿಲ್ಲ. ಅವಳಿಗೆ ಸಂಕಟ ತಡೆಯಲಾಗಲಿಲ್ಲ. ನೆಟ್ಟಗೆ ಅವನ ಹತ್ತಿರ ಹೋದಳು.

“ಅಪ್ಪಾ, ಕುರ್ಚಿ ಖಾಲಿ ಅದಾವು. ಕುಂದರು.”