ಈಸುಗಾಯಿ

ಡಾಲ್ಫಿನ್ ಕಂಡದ್ದೇ ತಡ, ದೋಣಿಯಾಳು ಹಕೀಂ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹಾಕಿದ. ಜಮಖಾನೆಯ ಮೇಲೆ ಒರಗಿದ್ದವರೆಲ್ಲ ಫೋನ್ ಹಿಡಿದು ಒಂದೇ ಬದಿಗೆ ನುಗ್ಗಿದರು. ದೋಣಿ ವಾಲಿತು. ಮಲ್ಲಕ್ಕನ ಎಡಗೈ ತಾನಾಗಿ ಎದೆಯ ಮೇಲೆ ದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಗೆ ಹೋಯಿತು. ಅವಳು ಕೂತಲ್ಲಿಂದಲೇ ಕತ್ತು ಚಾಚಿ ನೋಡಿ, ನಮ್ಮೂರ ಎಮ್ಮೆಗಳೂ ಹೊಳೆಯಲ್ಲಿ ಹೀಗೇ ಬೆನ್ನು ತೋರಿಸುತ್ತವೆ ಎಂದು ಮಗನಿಗೆ ಹೇಳಿದಳು. ಸೊಸೆ ಶೆರ್ಲಿನ್ ನಕ್ಕಳು. ನಕ್ಕದ್ದನ್ನು ಅತ್ತೆ ಗಮನಿಸಿದಳೇ ಎಂದು ನೋಡಿದಳು. ಅತ್ತೆ ಎಮ್ಮೆಗಳನ್ನೇ ನೋಡುತ್ತಿದ್ದಳು.

ಈ ವರ್ಷದ ರಜೆ ಸೈಪ್ರಸ್‌ಗೆಂದು ಎತ್ತಿಟ್ಟದ್ದು. ಮೆಡಿಟರೇನಿಯನ್ ದ್ವೀಪದಲ್ಲಿ ಏನೇನು ಮಾಡಬೇಕು ಎಂಬ ವಿಡಿಯೋಗಳನ್ನು ಶೆರ್ಲಿನ್ ಎಷ್ಟು ನೋಡಿದ್ದಳೆಂದರೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು: ದೋಣಿಯಿಂದ ಜಿಗಿಯಬೇಕು, ಈಜುಗನ್ನಡಕ ಕಟ್ಟಿಕೊಂಡು ಮೀನು ನೋಡಬೇಕು, ಮರಳಿನಲ್ಲಿ ಮಲಗಿ ಏನೂ ಮಾಡದೆ ಇರಬೇಕು. ಅಷ್ಟರಲ್ಲಿ ಮಲ್ಲಕ್ಕನ ವೀಸಾ ಬಂತು. ಯಾವ ಸಮುದ್ರವಾದರೂ ಉಪ್ಪೇ ತಾನೆ ಎಂದು ಮಗ ಬಸವಪ್ರಭು ಇಬ್ಬರನ್ನೂ ತಾವು ದುಡಿಯುವ ಅರಬ್ ದೇಶದಲ್ಲೇ ಶಿನಾಸ್‌ನಲ್ಲಿ ಹಡಗು ಹತ್ತಿಸಿ ಖಸಬ್‌ಗೆ ಕರೆತಂದ. ಶೆರ್ಲಿನ್ ಮುನಿಸಿಕೊಳ್ಳಲಿಲ್ಲ. ಮದುವೆಯಾದ ಮೇಲೆ ಅತ್ತೆ ತಮ್ಮ ಮನೆಗೆ ಬಂದದ್ದೇ ಇದು ಮೊದಲು.

ಅವನು ಬಾದಾಮಿ ಕಡೆಯ ಲಿಂಗಾಯತರ ಹುಡುಗ, ಇವಳು ಉಡುಪಿಯ ಕಲ್ಯಾಣಪುರದ ಕ್ರಿಶ್ಚಿಯನ್ ಹುಡುಗಿ. ಆ ದೇಶದ ಸಹಮ್‌ನಲ್ಲಿ ಒಂದೇ ಕಟ್ಟಡದ ಬಾಡಿಗೆದಾರರಾಗಿದ್ದವರು ಊರಿಗೆ ಹೋಗಿ ರಿಜಿಸ್ಟರ್ ಮದುವೆಯಾಗಿ ಬಂದರು. ಮಲ್ಲಕ್ಕ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಈಗ ಬಂದವಳು ಸೊಸೆ ಬಡಿಸಿದ್ದನ್ನು ಉಂಡಳು, ಸೊಸೆಯ ಒಗೆದ ಬಟ್ಟೆಗಳನ್ನೂ ಮಡಚಿಟ್ಟಳು. ಆದರೆ ಅವಳೊಂದಿಗೆ ನೇರ ಮಾತಿಲ್ಲ. ತಾಯಿ ಮಗನ ನಡುವೆ ಸಾರಿನ ಸೌಟು ಹಿಡಿದು ಶೆರ್ಲಿನ್ ನಿಂತಿದ್ದರೂ, ಉಪ್ಪು ಕಡಿಮೆಯಾಗಿದೆ ಎಂಬುದನ್ನು ಮಗನಿಗೇ ಹೇಳುವಳು. ಬೈಯುವುದಾದರೂ ಬೈಯಲಿ ಎನಿಸಿಬಿಟ್ಟಿತ್ತು ಶೆರ್ಲಿನ್‌ಗೆ. ಮುಂದಿನ ವಾರ ಅತ್ತೆ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಒಮ್ಮೆ ಹೆಸರು ಹಿಡಿದು ಕರೆದರೆ ಸಾಕು. ಹೆಸರು ತಪ್ಪಾದರೂ ಪರವಾಗಿಲ್ಲ. ಈ ಪ್ರವಾಸದ ಮೇಲೆ ಅವಳು ಆಸೆಯೆಲ್ಲ ಇಟ್ಟಿದ್ದು ಅದಕ್ಕೇ. ಬಯಲುಸೀಮೆಯ ಮುದುಕಿ ನೀರು ಕಂಡು ಹೆದರುತ್ತಾಳೆ, ಕಡಲ ಕಡೆಯವಳಾದ ತಾನು ಕೈ ಹಿಡಿಯುತ್ತೇನೆ ಎಂದು ಲೆಕ್ಕ ಹಾಕಿದ್ದಳು.

ಬೋಳು ಬೆಟ್ಟಗಳ ನಡುವೆ ಒಂದು ಪುಟ್ಟ ದ್ವೀಪದ ಪಕ್ಕ ದೋಣಿ ಲಂಗರು ಹಾಕಿತು. ಬಸವಪ್ರಭು ಅಂಗಿ ಬಿಚ್ಚಿ ಮೊದಲೇ ಹಾರಿದ. ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಹಕೀಂ ತಂದು ಹಾಕಿದ ಲೈಫ್ ಜಾಕೆಟ್‌ಗಳ ರಾಶಿಯಿಂದ ಮಲ್ಲಕ್ಕ ಒಂದನ್ನೆತ್ತಿ, ಹಿಚುಕಿ ನೋಡಿ, "ಈಸುಗಾಯಿ," ಎಂದು ತನ್ನಷ್ಟಕ್ಕೇ ನಕ್ಕಳು. ಹುಡುಗಿಯಾಗಿದ್ದಾಗ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಸೋದರಮಾವ ಅವಳನ್ನು ಮಲಪ್ರಭೆಗೆ ತಳ್ಳಿದ್ದ. ಮದುವೆಯ ತನಕ ಮೀನಿನ ಹಾಗೆ ಈಜಿದವಳು, ಆಮೇಲೆ ಹೊಳೆಗೆ ಹೋದದ್ದು ಬಟ್ಟೆ ಒಗೆಯಲಿಕ್ಕಷ್ಟೇ. ಇದನ್ನೆಲ್ಲ ಅವಳು ಹೇಳಿದ್ದು ಭಾಷೆ ಬಾರದ ಹಕೀಂನಿಗೆ. ಹೇಳುತ್ತಲೇ ಸೀರೆಯ ನೆರಿಗೆ ಎತ್ತಿ ಹಿಂದಕ್ಕೆ ಕಚ್ಚೆ ಸಿಕ್ಕಿಸಿದಳು.

ಶೆರ್ಲಿನ್ ಬೆಪ್ಪಾಗಿ ನಿಂತಳು. ಅವಳ ಲೆಕ್ಕವೆಲ್ಲ ತಲೆಕೆಳಗಾಗಿತ್ತು, ಏಕೆಂದರೆ ಈಜು ಬಾರದವಳು ಅವಳೇ. ಕಡಲ ಪಕ್ಕದಲ್ಲಿದ್ದವಳೆಂದೇ ಅವಳ ಅಮ್ಮ ಮೊಣಕಾಲಿನಿಂದ ಮೇಲೆ ನೀರು ಮುಟ್ಟಗೊಡುತ್ತಿರಲಿಲ್ಲ.

ಸರ, ಬಳೆ ಏನಿದ್ದರೂ ತೆಗೆದಿಡಿ, ಇಲ್ಲಿ ಬಿದ್ದದ್ದು ಮತ್ತೆ ಸಿಗುವುದಿಲ್ಲ ಎಂದು ಹಕೀಂ ಹಿಂದಿಯಲ್ಲಿ ಹೇಳಿದ. ಶೆರ್ಲಿನ್ ಆಸ್ಪತ್ರೆಯಲ್ಲಿ ನರ್ಸು. ಆಪರೇಷನ್ನಿಗೆ ಹೋಗುವವರ ಸರ, ಉಂಗುರ ಬಿಚ್ಚಿ ಕವರಿನಲ್ಲಿ ಹಾಕುವುದು ಅವಳ ದಿನನಿತ್ಯದ ಕೆಲಸ. ಯೋಚನೆಗಿಂತ ಮೊದಲು ಕೈ ಹೋಯಿತು. ಅತ್ತೆಯ ಕೊರಳ ದಾರ ಎತ್ತಿ ಬೆಳ್ಳಿಯ ಕರಡಿಗೆಯನ್ನು ಹಿಡಿದೇಬಿಟ್ಟಳು.

ಮಲ್ಲಕ್ಕ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಮುಟ್ಟಬ್ಯಾಡ."

ಅತ್ತೆ ತನಗೆಂದೇ ಆಡಿದ ಮೊದಲ ಮಾತು ಇದು. ಒಳಗಿರುವುದು ಇಷ್ಟಲಿಂಗ, ಸಾಯುವ ತನಕ ಮೈಯಿಂದ ಇಳಿಯುವಂತಿಲ್ಲ, ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ಬಸವಪ್ರಭು ಮೊದಲೇ ಹೇಳಿದ್ದ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಅವಳು ಸಾರಿ ಎಂದು ಗೊಣಗಿ ದೋಣಿಯ ಹಿಂಬದಿಗೆ ಹೋಗಿ ಬೆಟ್ಟದ ಕಡೆ ಮುಖ ಮಾಡಿ ನಿಂತಳು. ಕಪ್ಪು ಕನ್ನಡಕ ಇದ್ದದ್ದು ಅಳುವುದಕ್ಕೆ ಅನುಕೂಲವಾಯಿತು.

ಕಣ್ಣೊರೆಸಿ ತಿರುಗಿದಾಗ ಮಲ್ಲಕ್ಕ ಇನ್ನೂ ಇಳಿದಿರಲಿಲ್ಲ. ಜಾಕೆಟನ್ನು ತೊಡೆಯ ಮೇಲಿಟ್ಟು ಬೆಂಚಿನಲ್ಲಿ ಕೂತಿದ್ದಳು. ಕೊರಳ ದಾರವನ್ನು ಬೆರಳಲ್ಲಿ ತೀಡಿ ಎಷ್ಟು ಸವೆದಿದೆ ಎಂದು ನೋಡುವಳು, ಮತ್ತೆ ನೀರು ನೋಡುವಳು. ಬಾ ಎಂದು ಕೆಳಗಿನಿಂದ ಮಗ ಕರೆದಾಗ ತಲೆಯಾಡಿಸಿ ಒಲ್ಲೆ ಎಂದಳು. ಒಲ್ಲದವರ ಮುಖ ಹಾಗಿರುವುದಿಲ್ಲ. ಶೆರ್ಲಿನ್‌ಗೆ ತನ್ನ ದುಃಖ ಮರೆತುಹೋಯಿತು.

ಅವಳು ಹತ್ತಿರ ಬಂದು, ಕುರ್ತಾದ ಕೊರಳಿನಿಂದ ಒಂದು ಕಂದು ದಾರ ಎಳೆದು ತೋರಿಸಿದಳು. ತುದಿಯಲ್ಲಿ ಮಾತೆ ಮೇರಿಯ ಚಿತ್ರದ ಚಿಕ್ಕ ಬಟ್ಟೆಯ ತುಂಡು. ದಾರವನ್ನು ಒಳಗಿನ ಬಟ್ಟೆಗೆ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿದ್ದಳು.

"ಇದನ್ನು ನಾವೂ ತೆಗಿಲಿಕ್ಕಿಲ್ಲ ಅತ್ತೆ. ನೀರಿಗೆ ಹೋಗುವಾಗ ಪಿನ್ ಹಾಕುದು. ನನ್ನ ಡಾಲಿ ಅಜ್ಜಿ ಹೇಳಿಕೊಟ್ಟದ್ದು."

ಬ್ಯಾಗಿನಿಂದ ಎರಡು ಪಿನ್ ತೆಗೆದು ಬೆಂಚಿನ ಮೇಲಿಟ್ಟು ಅವಳು ದೂರ ಸರಿದು ನಿಂತಳು. ಮಲ್ಲಕ್ಕ ಆ ಕಂದು ದಾರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಪಿನ್ ತೆಗೆದುಕೊಂಡು ದಾರಕ್ಕೂ ಕುಪ್ಪಸಕ್ಕೂ ಸೇರಿಸಿ ಚುಚ್ಚಲು ನೋಡಿದಳು. ಗಂಟು ಕಟ್ಟಿದ ಬೆರಳುಗಳಿಗೆ ಪಿನ್ ಬಗ್ಗಲಿಲ್ಲ, ಜಾರಿ ಜಮಖಾನೆಗೆ ಬಿತ್ತು. ಮಗನನ್ನು ಕರೆಯಬಹುದಿತ್ತು. ಕರೆಯಲಿಲ್ಲ.

"ನೀನಽ ಹಚ್ಚು," ಎಂದಳು.

ಶೆರ್ಲಿನ್ ಕುಡಿಯುವ ನೀರಿನ ಬಾಟಲಿಯಿಂದ ಎರಡೂ ಕೈ ತೊಳೆದುಕೊಂಡಳು. ಮೊದಲು ದಾರಕ್ಕೆ ಎರಡೂ ಕಡೆ ಪಿನ್ ಹಾಕಿದಳು, ಆಮೇಲೆ ಕರಡಿಗೆಯನ್ನು ಮೆಲ್ಲಗೆ ಕುಪ್ಪಸದೊಳಗೆ ಇಳಿಸಿದಳು. ಅದು ಮೈಯ ಕಾವಿಗೆ ಬೆಚ್ಚಗಿತ್ತು. ಎಳೆದೆಳೆದು ನೋಡಿ, ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಜಾಕೆಟ್ಟಿನ ಬಕಲ್ ಹಾಕಿದಳು.

ಮಲ್ಲಕ್ಕ ಏಣಿ ಇಳಿದು ಕೈ ಬಿಟ್ಟಳು. ಇಳಕಲ್ ಸೀರೆ ಗಾಳಿ ತುಂಬಿ ಉಬ್ಬಿ, ಮತ್ತೆ ಅಡಗಿತು. ಒಂದು ಗುಟುಕು ಉಪ್ಪುನೀರು ಕುಡಿದು ಥೂ ಎಂದು ಉಗುಳಿ, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡೇ ಬಲಗೈಯಿಂದ ನೀರು ಸೀಳುತ್ತ ದೋಣಿಗೆ ಅರ್ಧ ಸುತ್ತು ಹಾಕಿದಳು. ಅವ್ವನಿಗೆ ಈಜು ಬರುತ್ತದೆಂದು ಗೊತ್ತೇ ಇರದ ಬಸವಪ್ರಭು ಬಾಯಿ ಬಿಟ್ಟುಕೊಂಡು ನೋಡಿದ. ಏಣಿಯ ಬುಡಕ್ಕೆ ಬಂದು ಅವಳು ತಲೆಯೆತ್ತಿದಳು.

"ಶರ್ಲೀ, ನೀನೂ ಬಾರವಾ."

ಶೆರ್ಲಿನ್ ಹಿಂತಿರುಗಿ ನೋಡಿದಳು. ಹಿಂದೆ ಇದ್ದವನು ಚಹಾ ಸೋಸುತ್ತಿದ್ದ ಹಕೀಂ ಒಬ್ಬನೇ.

"ನನಿಗೆ ಈಜ್ಲಿಕ್ಕೆ ಬರುದಿಲ್ಲ ಅತ್ತೆ."

"ಅದು ಗೊತ್ತಾತು. ಬಾ."

ಅವಳು ಜಾಕೆಟ್ ತೊಟ್ಟು ಕಣ್ಣುಮುಚ್ಚಿ ಇಳಿದಳು. ನೀರು ತಣ್ಣಗಿತ್ತು, ತಳವೆಂಬುದು ಇರಲಿಲ್ಲ. ಏಣಿ ಬಿಟ್ಟ ಕ್ಷಣವೇ ಒಂದು ಅಂಗೈ ಬೆನ್ನ ಕೆಳಗೆ ಬಂದು ನಿಂತಿತು. ಮೈ ಸಡಿಲ ಬಿಡು ಎಂದು ಮಲ್ಲಕ್ಕ ಹೇಳಿದಳು. ಸಡಿಲ ಬಿಡಲು ಹೋಗಿ ಶೆರ್ಲಿನ್ ಒಮ್ಮೆ ಒದ್ದಾಡಿದಳು, ಕಿವಿಗೆ ನೀರು ಹೊಕ್ಕಿತು. ಆಗ ಮಲ್ಲಕ್ಕ ಎದೆಯ ಮೇಲಿದ್ದ ಎಡಗೈಯನ್ನೂ ತೆಗೆದು ಅವಳ ತಲೆಯ ಕೆಳಗೆ ಹಿಡಿದಳು.